ಮುಂದಿನ ಮನೆಗೆ ಸಿಗ್ನಲ್ ಓಗ್ಬಾರ್ದು

ಬ್ಯಾಡ, ಬ್ಯಾಡ... ಆ ಎರಡು ಡಬ್ಬದ್ದು ಒಳಗಿಡಿ ವಿಜಿಯಣ್ಣ. ಮೂರಿರೋದು ತಗೀರಿ. ಅದೇ, ಮೇಲ್ಗಡೆ ಕರೀ ಡಬ್ಬ ಐತಲ್ಲ, ಅದು. ಎರಡು ಸಾಕು ಅಂತೀರಲ್ಲ, ನಮ್ಮನೆ ಗೋಡೆ ನೀವೇ ಕಣ್ಣಾರೆ ನೋಡಿಲ್ವಾ? ಕಂಪನಿ ಕಾಲದ ಕಲ್ಲು ಗೋಡೆ! ಒಂದು ಮೊಳೆ ಒಡೆಯೋಕೆ ಓಗಿ ನಮ್ಮನೆಯವ್ರು ಮೂರು ಡ್ರಿಲ್ ಮೊನೆ ಮುರ್ದವ್ರೆ. ಅಂಥ ಗೋಡೆ ದಾಟೋದ್ರೊಳಗೆ ವೈಫೈ ಅನ್ನೋದು ಉಸ್ ಅಂತ ಕೂತ್ಕಂತದೆ. ನಡುಮನೇಲಿ ಒಂದು, ಅಡಿಗೆಮನೆ ಪಕ್ಕ ಒಂದು, ನಮ್ ಚಂದನ ರೂಮಲ್ಲಿ ಒಂದು. ಮೂರು. ಅಳತೆ ನೋಡ್ಕೊಂಡೇ ಬಂದಿದ್ದೀನಿ.

ಯಾಕೆ ನಗ್ತೀರ? ಇಲ್ಲ, ನಕ್ರಿ. ಮೀಸೆ ಕೆಳಗೆ ನಕ್ರಿ, ನಾನು ನೋಡ್ದೆ. ಊರಿಗಾಂ ಸಾಯಿಕುಮಾರ್ ಎಂಡ್ತಿ ಶಶಿರೇಖಂಗೆ ಈ ಮೂರು ಡಬ್ಬದ ವೈಫೈ, ಮೆಶ್ಶು ಗಿಶ್ಶು ಎಲ್ಲಿಂದ ಗೊತ್ತಾಯ್ತು ಅಂತಲಾ? ಗೊತ್ತಾಗ್ತದೆ ಅಣ್ಣ. ಅನ್ನೆರಡು ದಿನದಿಂದ ಅನ್ನ ಬೇಯೋ ಒತ್ತಲ್ಲಿ, ಬಟ್ಟೆ ನೆನೆಯೋ ಒತ್ತಲ್ಲಿ ಬರೀ ಇದೇ ವೀಡಿಯೊ ನೋಡಿದ್ದೀನಿ. ತೆಲುಗಲ್ಲಿ ಒಬ್ಬ ಏಳ್ತಾನೆ, ತಮಿಳಲ್ಲಿ ಒಬ್ಬ ಏಳ್ತಾನೆ, ಇಬ್ಬರ್ದೂ ಕೇಳಿ ನಾನು ಕನ್ನಡದಲ್ಲಿ ಬರ್ಕೊಂಡಿದ್ದೀನಿ. ನೋಡಿ, ಚೀಟಿ. ಮೂರು ಬ್ಯಾಂಡಿಂದೇ ಬೇಕು. ಎರಡು ಬ್ಯಾಂಡು ನಮ್ಮ ಫೋನು, ಟೀವಿಗೆ. ಮೂರನೇದು ಆ ಡಬ್ಬಗಳು ಒಂದಕ್ಕೊಂದು ಮಾತಾಡ್ಕೊಳೋಕೆ. ಅವಕ್ಕೆ ಬೇರೆ ದಾರಿ ಇಲ್ದಿದ್ರೆ ಎಲ್ಲಾ ಒಂದೇ ಸಂದೀಲಿ ನುಗ್ಗಿ, ಬೆಳಗ್ಗೆ ರೈಲಿಗೆ ಜನ ನುಗ್ತಾರಲ್ಲ ಅಂಗಾಯ್ತದೆ. ಸರೀನಾ? ತಲೆ ಆಡಿಸ್ತೀರಲ್ಲ, ಸರಿ ಅಂತ ತಾನೆ?

ಆಮೇಲೆ ಪಿಂಗು. ಮುಖ್ಯ ಅದೇ. ಸ್ಪೀಡು ಸ್ಪೀಡು ಅಂತ ನೀವು ಡಬ್ಬದ ಮೇಲೆ ಬರ್ದಿರೋ ನಂಬರ್ ತೋರಿಸ್ಬ್ಯಾಡಿ ನಂಗೆ. ಸ್ಪೀಡು ಸಿನಿಮಾ ನೋಡೋರಿಗೆ. ಮಕ್ಕಳ ಫೋನ್ ಆಟಕ್ಕೆ ಪಿಂಗು. ಈ ಕಡೆ ಮಗು ಬೆರಳು ಒತ್ತಿದ್ರೆ ಆ ಕಡೆ ಗುಂಡು ಆರೋಕೆ ಎಷ್ಟೊತ್ತು ಅನ್ನೋದು. ಅದು ಕಮ್ಮಿ ಇರ್ಬೇಕು, ಕಮ್ಮಿ ಇದ್ದಂಗೇ ನಿಂತಿರ್ಬೇಕು. ಒಂದ್ಸಲ ಇಪ್ಪತ್ತು, ಒಂದ್ಸಲ ಇನ್ನೂರು ಅಂತ ಕುಣೀಬಾರ್ದು. ಟೀವಿ ಓಡ್ತಾ ಇದ್ರೂ, ನಮ್ಮನೆಯವ್ರು ಫೋನಲ್ಲಿ ಕ್ರಿಕೆಟ್ ನೋಡ್ತಾ ಇದ್ರೂ, ಆಟಕ್ಕೆ ಮೊದ್ಲು ದಾರಿ ಬಿಡೋ ಅಂಥ ಡಬ್ಬ ಬೇಕು. ಇದ್ರಲ್ಲಿ ಐತಾ ಅದು? ಐತೆ. ಸರಿ, ಮಡಗಿ ಇಲ್ಲಿ.

ಏನು? ಡಬ್ಬದಿಂದ ಡಬ್ಬಕ್ಕೆ ವೈರ್ ಎಳ್ದ್ರೆ ಇನ್ನೂ ಚೆನ್ನಾಗಿರ್ತದಾ? ಬ್ಯಾಡ. ವೈರಿನ ಮಾತೇ ಬ್ಯಾಡ. ವೈರ್ ಬ್ಯಾಡ ಅಂದ್ನಲ್ಲ ಅಣ್ಣ! ಕಂಬದಿಂದ ಬರೋದು ಒಂದು ಬೇಕೇ ಬೇಕು, ಅದು ಬಿಟ್ಟು ಇನ್ನೊಂದು ಗೇಣು ವೈರು ನನ್ನ ಮನೇಲಿ ಕಾಣಿಸ್ಬಾರ್ದು. ಕಂಬದಿಂದ ಬರೋದನ್ನೂ ಕಬ್ಬಿಣದ ಪೈಪೊಳಗೆ ಆಕ್ಬಿಡಿ. ಯಾರ ಕೈಗೂ ಸಿಗ್ಬಾರ್ದು.

ಈಗ ಒಂದು ಕೇಳ್ತೀನಿ, ನಗ್ಬ್ಯಾಡಿ. ಈ ಸಿಗ್ನಲ್ಲು... ಒಂದು ಗೋಡೆ ತಂಕ ಬಂದು ಅಲ್ಲೇ ನಿಂತ್ಕೊಳೋ ಅಂಗೆ ಮಾಡೋಕಾಯ್ತದಾ? ಅಂದ್ರೆ, ಇಂದ್ಗಡೆ ಇರೋ ನಮ್ಮ ಮನೆ ಪೂರ್ತಿ ಬರ್ಲಿ, ಮೂಲೆ ಮೂಲೆಗೂ ಬರ್ಲಿ. ಮುಂದಿನ ಮನೆಗೆ ಓಗ್ಬಾರ್ದು. ಒಂದು ಚೂರೂ ಓಗ್ಬಾರ್ದು.

ಆಗಲ್ವಾ? ಪಾಸ್‌ವರ್ಡ್ ಆಕೋದೊಂದೇನಾ ದಾರಿ? ಊಂ... ಇರ್ಲಿ. ಅದೇ ಒಳ್ಳೇದು ಒಂದ್ ಲೆಕ್ಕಕ್ಕೆ. ಓಗ್ಲಿ ಸಿಗ್ನಲ್ಲು, ಚೆನ್ನಾಗಿ ಓಗ್ಲಿ. ಐದು ಗೆರೆ ತುಂಬಾ ಕಾಣಿಸ್ಲಿ ಆ ಸುಮಿತಂಗೆ. ಒಳಗೆ ಮಾತ್ರ ಬಿಡ್ಬಾರ್ದು. ಫೋನ್ ಮೇಲಕ್ಕೆತ್ತಿ, ಕೆಳಗಿಳಿಸಿ, ಕಿಟಕಿ ಅತ್ರ ಓಗಿ, ಬಾಗಿಲ ಅತ್ರ ಬಂದು... ಉರೀಬೇಕು ಒಟ್ಟೆ. ನಾನು ನಮ್ಮ ಕಡೆ ಕೂತು ಕಾಫಿ ಕುಡೀತಾ ಆ ಉರಿ ನೋಡ್ಬೇಕು. ಎಸರು ಏನಿಡೋದು ಗೊತ್ತಾ ನಮ್ಮ ವೈಫೈಗೆ? ಯೋಚ್ನೆ ಮಾಡಿ ಇಟ್ಟಿದ್ದೀನಿ. ‘ಚಂದನಂಗೆ ಧೈರ್ಯ ಐತೆ’. ಅಷ್ಟುದ್ದ ಇಡ್ಬೌದು ತಾನೆ? ಇಡಿ. ಅವರ ಫೋನ್ ತೆಗೆದಾಗೆಲ್ಲ ಮೊದ್ಲು ಅದೇ ಕಾಣಿಸ್ಬೇಕು.

ಯಾಕೆ ಅಂದ್ರಾ? ನಿಮಗೆ ಅರ್ಧ ಗೊತ್ತು. ಪೂರ್ತಿ ಏಳ್ತೀನಿ ಕೇಳಿ. ಅಂಗಡೀಲಿ ಬೇರೆ ಯಾರೂ ಇಲ್ವಲ್ಲ?

ನಮ್ಮ ಮಾವ ಗಣೀಲಿ ದುಡಿದೋರು. ಅವರ ಕಾಲದ್ದು ಮನೆ. ಮಾವ ತೀರ್ಕೊಂಡ್ಮೇಲೆ ಮುಂದಿನ ಭಾಗ ನಮ್ಮ ಭಾವ ರಾಮಚಂದ್ರಪ್ಪನೋರಿಗೆ, ಅವರ ಎಂಡ್ತಿ ಸುಮಿತಕ್ಕಂಗೆ; ಇಂದಿನ ಭಾಗ ನಮಗೆ. ಮಧ್ಯ ಒಂದು ಬಾಗಿಲು. ಅದಕ್ಕೆ ಚಿಲಕ ಇದ್ರೂ ಇಪ್ಪತ್ತು ವರ್ಷ ಯಾರೂ ಆಕಿರ್ಲಿಲ್ಲ. ಅವರ ಮಗಳು ನವ್ಯ, ನನ್ನ ಮಗಳು ಚಂದನ, ಇಬ್ಬರಿಗೂ ಆರು ತಿಂಗಳು ಅಂತರ. ಆ ಬಾಗಿಲಲ್ಲೇ ಅಂಬೆಗಾಲಿಟ್ಟೋರು. ವೈಫೈನೂ ಒಂದೇ ಆಕಿಸ್ಕೊಂಡ್ವಿ. ನೀವೇ ಬಂದು ಆಕಿದ್ರಿ. ಇಂದಿನ ಓಣಿ ಕಂಬದಿಂದ ವೈರ್ ಬಂದು, ನಮ್ಮ ಅಡಿಗೆಮನೆ ಅಟ್ಟ, ಸೂರು ದಾಟಿ, ಮುಂದಿನ ಮನೆ ಡಬ್ಬಕ್ಕೆ. ಅಲ್ಲಿಂದ ನಮಗೆ ಬರೋದು ಅರ್ಧ ಗೆರೆ, ಒಂದು ಗೆರೆ. ನಾನು ಒಂದು ದಿನ ಮಾತಾಡ್ಲಿಲ್ಲ ಅಣ್ಣ. ಅಕ್ಕನ ಮನೆ, ನಮ್ಮನೆ ಅಂತ ಬೇರೆ ಐತಾ ಅಂತ ಸುಮ್ಕಿದ್ದೆ.

ಆ ಆಟ ಮೊದ್ಲು ಕಲ್ತಿದ್ದು ಯಾರು? ನನ್ನ ಮಗಳು! ಪರೀಕ್ಷೆ ರಜದಲ್ಲಿ ಕಲ್ತ್ಕೊಂಡು ನವ್ಯಂಗೆ ಏಳ್ಕೊಟ್ಟಿದ್ದು ಅವಳು. ಎಲ್ಲಿ ಅಡಗ್ಬೇಕು, ಯಾವಾಗ ಓಡ್ಬೇಕು, ಎಲ್ಲಾ. ಕಾಲೇಜಿನ ಉಡುಗೀರು ನಾಲ್ಕು ಜನ ಸೇರಿ ಟೀಮ್ ಮಾಡಿದ್ರು. ನವ್ಯ ಕ್ಯಾಪ್ಟನ್. ಆಗ್ಲಿ, ದೊಡ್ಡೋಳು. ಆದ್ರೆ ಚಂದನಂಗೆ ಏನು ಕೊಟ್ರು ಗೊತ್ತಾ? ಐದನೇಯವಳು. ಯಾರಿಗಾದ್ರೂ ಉಷಾರಿಲ್ದಿದ್ರೆ ಬಾ, ಇಲ್ದಿದ್ರೆ ಕೂತು ನೋಡು. ಕಲಿಸ್ದೋಳು ಕೂತು ನೋಡ್ಬೇಕು!

ಅದನ್ನೂ ನುಂಗ್ಕೊಂಡೆ. ಬೇತಮಂಗಲದಲ್ಲಿ ನಮ್ಮತ್ತಿಗೆ ಮಗುದು ನಾಮಕರಣ. ಊಟಕ್ಕೆ ಕೂತಿದ್ದೀವಿ, ಆ ಸಾಲಿನ ಈ ಸಾಲಿನ ಜನ. ಯಾರೋ ಕೇಳಿದ್ರು, ಏನಮ್ಮ ನಿಮ್ಮನೆ ಉಡುಗೀರು ಏನೋ ಆಟದಲ್ಲಿ ಗೆಲ್ತಾ ಅವ್ರಂತೆ ಅಂತ. ಸುಮಿತಕ್ಕ ಏನಂದ್ರು ಗೊತ್ತಾ? ‘ನಮ್ ನವ್ಯ ಆಡ್ತಾಳೆ. ಚಂದನಾನೂ ಚೆನ್ನಾಗೇ ಆಡ್ತಾಳೆ, ಆದ್ರೆ ಧೈರ್ಯ ಸಾಲ್ದು. ಥೇಟ್ ಅವರಮ್ಮನ ತರ.’

ಥೇಟ್ ಅವರಮ್ಮನ ತರ! ಎಲೆ ಮುಂದೆ ಕೂತಿದ್ದೀನಿ ಅಣ್ಣ, ತುತ್ತು ಕೈಯಲ್ಲೈತೆ. ಎಲ್ಲಾ ನಕ್ರು. ನನ್ನ ಮಗಳೂ ನಕ್ಕಳು, ಏನ್ಮಾಡ್ತಾಳೆ ಪಾಪ, ಜನ ನಗೋವಾಗ. ನಾನೂ ನಕ್ಕೆ. ಆ ನಗು ಇಲ್ಲೇ ಐತೆ ಇನ್ನೂ, ಗಂಟ್ಲಲ್ಲಿ, ಮೀನಿನ ಮುಳ್ಳಿನ ತರ. ಬಸ್ಸಲ್ಲಿ ಬರ್ತಾ ಪೂರ್ತಿ ದಾರಿ ಲೆಕ್ಕ ಆಕ್ದೆ, ಇವಳಿಗೆ ನಾನೇನ್ ಮಾಡಿದ್ದೆ ಅಂತ. ಬಾಣಂತನ ಮಾಡಿದ್ದೆ. ಅವರಮ್ಮ ಆಸ್ಪತ್ರೇಲಿದ್ದಾಗ ಒಂದೂವರೆ ತಿಂಗಳು ಅವರ ಮನೆ ಅಡಿಗೇನೂ ನಾನೇ ಮಾಡಿದ್ದೆ. ಅವತ್ತಿಂದ ನಾನು ಮಧ್ಯದ ಬಾಗಿಲಿಗೆ ಚಿಲಕ ಆಕ್ದೆ. ಚಂದನಂಗೆ ಏಳ್ದೆ, ಆ ಮನೆ ಒಸ್ಲು ತುಳಿದ್ರೆ ನೋಡು ಅಂತ.

ನೀರು? ಬ್ಯಾಡ ಬುಡಿ. ...ಆಗ್ಲಿ, ಕೊಡಿ.

ಆಮೇಲೆ ಆ ಭಾನುವಾರ. ನಿಮಗೆ ಗೊತ್ತಲ್ಲ ಆ ಭಾನುವಾರ. ಜಿಲ್ಲೆಗೆಲ್ಲ ಕೊನೇ ಆಟ. ಗೆದ್ರೆ ಬೆಂಗಳೂರಲ್ಲಿ ದೊಡ್ಡ ಸ್ಟೇಜಲ್ಲಿ ಆಡ್ಬೌದು, ಪರದೆ ಮೇಲೆಲ್ಲ ಎಸರು ಬರ್ತದೆ. ಮಧ್ಯಾಹ್ನ ಎರಡಕ್ಕೆ ಶುರು. ಆಂಡರ್ಸನ್‌ಪೇಟೆ ಉಡುಗಿ ಒಬ್ಬಳಿಗೆ ಬೆಳಗ್ಗೆ ಜ್ವರ ಬಂತಂತೆ. ಅವಳ ಜಾಗಕ್ಕೆ ನನ್ನ ಮಗಳು ಕೂತ್ಲು. ನನ್ನ ಚಂದನ! ಕೊನೇ ಆಟಕ್ಕೆ! ನವ್ಯ ರೂಮಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಆಡ್ತಾ ಅವ್ರೆ, ಇನ್ನಿಬ್ಬರು ಅವರವರ ಮನೇಲಿ. ಮೊದಲನೇ ಆಟ ಗೆದ್ರು. ಎರಡನೇದ್ರಲ್ಲಿ ಚಂದನ ಒಬ್ಬಳೇ ಆರು ಜನರನ್ನ ಒಡೆದ್ಲಂತೆ ಅಣ್ಣ, ಆರು ಜನ! ಮೂರನೇದು ಗೆದ್ದೇ ಬಿಡ್ತಾರೆ ಅನ್ನೋವಾಗ... ಫಟ್. ನೆಟ್ ಓಯ್ತು. ಇಬ್ಬರ್ದೂ ಓಯ್ತು. ಉಳಿದ ಇಬ್ಬರು ಎಷ್ಟೊತ್ತು ತಡೀತಾರೆ? ಸೋತ್ರು.

ಯಾರು? ಯಾರು ಅಂತ ನೀವು ಕೇಳ್ತೀರಾ? ಊರಿಗೇ ಗೊತ್ತು! ಅದ್ರ ಮುಂಚಿನ ದಿನ ಭಾವ ಎಲ್ಲರ ಎದುರಿಗೆ ಅಂದಿದ್ರು. ಆಲು ಕರೆದು ಬಂದವ್ರು ಮಗಳನ್ನ ಕರೀತಾ ಅವ್ರೆ, ಅವಳು ಕಿವೀಗೆ ಇಯರ್‌ಫೋನ್ ಸಿಗಿಸ್ಕೊಂಡು ಕೂತವ್ಳೆ. ‘ಒಂದಿನ ಆ ವೈರ್ ಕತ್ತರಿಸಿ ಬಿಸಾಕ್ತೀನಿ, ಆಗ ಗೊತ್ತಾಯ್ತದೆ ನಿಮಗೆ’ ಅಂತ ಕೂಗಿದ್ರು. ಬೀದಿಗೆಲ್ಲ ಕೇಳಿಸ್ತು. ಮಾರನೇ ದಿನ ಮೂರೂವರೇಲಿ, ನೆಟ್ ಓದಾಗ, ಎಲ್ಲಿದ್ರು? ಸೂರಿನ ಮೇಲೆ! ನೀರಿನ ಟ್ಯಾಂಕ್ ಪೈಪ್ ಕಟ್ತಾ ಇದ್ರಂತೆ. ಪೈಪಂತೆ! ವೈರ್ ಓಗೋದು ಆ ಟ್ಯಾಂಕ್ ಪಕ್ಕಾನೇ ತಾನೆ? ಏಣಿ ಇತ್ತು, ಕೈಯಲ್ಲಿ ಕಟಿಂಗ್ ಪ್ಲೇರ್ ಇತ್ತು. ಇನ್ನೇನ್ ಬೇಕು ಸಾಕ್ಷಿ? ಕೇಳಿದ್ರೆ ಏನೂ ಅನ್ನಲ್ಲ. ‘ನಾನ್ ಮಾಡಿಲ್ಲ’ ಅಂತ ಒಂದು ಸಲ ಅಂದ್ರು, ಅವತ್ತು ಸಂಜೆಗೆ ಮುಂಚೆ. ಸಂಜೆ ಆದ್ಮೇಲೆ ಅದನ್ನೂ ಅನ್ನಲಿಲ್ಲ. ತಪ್ಪು ಮಾಡ್ದೋರು ತಾನೆ ಸುಮ್ಕಿರೋದು?

ನವ್ಯ ಅಪ್ಪನ ಜೊತೆ ಮಾತು ಬಿಟ್ಟವ್ಳೆ. ಸುಮಿತಕ್ಕ ತಟ್ಟೆ ತಗೊಂಡೋಗಿ ಕೊಟ್ಟಿಗೇಲಿ ಇಡ್ತಾಳಂತೆ, ಅಲ್ಲೇ ಅಸುಗಳ ಜೊತೆ ಊಟ ಆ ಮನುಷ್ಯಂದು. ಚಂದನ ಅಂತೂ... ನೆಟ್ಟಗೆ ಅವರ ಬಾಗಿಲಿಗೆ ಓಗಿ ‘ನೀನು ನನ್ ದೊಡ್ಡಪ್ಪ ಅಲ್ಲ’ ಅಂದ್ಬಂದ್ಲು. ಅವರ ಎಗಲ ಮೇಲೆ ಕೂತು ಇಸ್ಕೂಲಿಗೆ ಓಗಿದ್ದ ಮಗು. ಚೆನ್ನಾಗಾಯ್ತು. ಅನುಭವಿಸ್ಲಿ! ನನ್ನ ಮಗಳು ಅವತ್ತಿಂದ ಫೋನ್ ಮುಟ್ಟಿಲ್ಲ ಅಣ್ಣ. ಗೋಡೆ ಕಡೆ ತಿರುಗಿ ಮಲಗ್ತಾಳೆ. ಊಟ ಅಂದ್ರೆ ಬ್ಯಾಡ, ಕಾಲೇಜು ಅಂದ್ರೆ ಬ್ಯಾಡ. ‘ಒಂದೇ ಒಂದು ಸಲ ಅಮ್ಮ, ಒಂದೇ ಸಲ ನನ್ ಕೈಗೆ ಬಂದಿತ್ತು’ ಅಂತಾಳೆ. ಅದಕ್ಕೇ ಈ ಡಬ್ಬ. ಮುಂದಿನ ತಿಂಗಳು ಇನ್ನೊಂದು ಆಟ ಐತಂತೆ, ಬೇರೆಯೋರು ನಡೆಸೋದು. ನನ್ನ ಮಗಳು ತನ್ನ ಟೀಮ್ ಮಾಡ್ಕೊಂಡು, ತನ್ನ ಲೈನಲ್ಲಿ, ತನ್ನ ರೂಮಲ್ಲಿ ಆಡ್ಬೇಕು. ನವ್ಯ ಗೋಡೆ ಆ ಕಡೆ ಕೂತು ಕೇಳಿಸ್ಕೋಬೇಕು.

ಅಷ್ಟೇ ಅಲ್ಲ. ಇವತ್ತು ನಾಲ್ಕು ಗಂಟೆಗೆ ಮನೇಲಿ ಮಾತುಕತೆ ಐತೆ. ಕಾಮಸಮುದ್ರದಿಂದ ಮುನಿಶಾಮಿ ಮಾವ ಬರ್ತಾವ್ರೆ, ನಮ್ಮ ಕಡೆ ದೊಡ್ಡೋರು ಇನ್ನಿಬ್ಬರು ಬರ್ತಾವ್ರೆ. ನಾನೇ ಕರೆಸಿದ್ದೀನಿ. ಭಾವ ತಪ್ಪಾಯ್ತು ಅಂತ ಎಲ್ಲರ ಎದುರಿಗೆ ಅನ್ಬೇಕು. ನನ್ನ ಮಗಳ ಎದುರಿಗೆ ಅನ್ಬೇಕು. ಸುಮಿತಾ ನಿಂತು ಕೇಳ್ಬೇಕು. ಅವಳ ಗಂಡನ ಧೈರ್ಯ ಎಷ್ಟೈತೆ ಅಂತ ನಾಲ್ಕು ಜನ ನೋಡ್ಲಿ! ಅದಾದ್ಮೇಲೆ ಮಧ್ಯದ ಬಾಗಿಲಿಗೆ ಇಟ್ಟಿಗೆ. ನಾಳೆ ಬೆಳಗ್ಗೆಗೆ ಮೇಸ್ತ್ರಿಗೂ ಏಳಿಟ್ಟಿದ್ದೀನಿ.

ನಮ್ಮನೆಯವ್ರಾ? ಅವರಿಗೆ ಅಣ್ಣ ಅಂದ್ರೆ ಬಾಯೇ ಬರಲ್ಲ. ‘ಸಾಕು ಬುಡೇ ಶಶಿ, ವೈರ್ ತಾನೆ’ ಅಂತಾರೆ. ವೈರ್ ತಾನೆ ಅಂತೆ! ಬೆಳಗ್ಗೆ ಐದಕ್ಕೆ ರೈಲ್ ಅತ್ತಿ ರಾತ್ರಿ ಬರೋರಿಗೆ ಮಗಳ ಮುಖ ಎಲ್ಲಿ ಕಾಣಿಸ್ತದೆ?

ಆದ್ರೆ ಮುನಿಶಾಮಿ ಮಾವ ಒಂದು ಮಾತು ಅಂದವ್ರೆ. ‘ಅಲ್ಲಮ್ಮ, ಅವನು ಕತ್ತರಿಸ್ದ ಅಂತ ಕಣ್ಣಲ್ಲಿ ನೋಡ್ದೋರು ಯಾರೂ ಇಲ್ಲ. ವೈರ್ ರಿಪೇರಿ ಮಾಡ್ದೋರ್ನ ಕೇಳು. ಎಲ್ಲಿ ಕತ್ತರಿಸಿತ್ತು ಅಂತ ಅವರು ಬರ್ಕೊಡ್ಲಿ. ಟ್ಯಾಂಕ್ ಅತ್ರ ಅಂತ ಬರ್ಕೊಟ್ರೆ ಮಿಕ್ಕಿದ್ದು ನಾನು ನೋಡ್ಕೊತೀನಿ’ ಅಂತ. ಅದಕ್ಕೇ ಬಂದಿದ್ದು ಅಣ್ಣ ನಾನು. ಡಬ್ಬಾನೂ ಬೇಕು, ಅದೂ ಬೇಕು. ಎರಡೇ ಸಾಲು. ಅವತ್ತು ಸಂಜೆ ಬಂದಿದ್ದು ನೀವೇ, ಅಳೇ ವೈರ್ ಪೂರ್ತಿ ಕಿತ್ತು ಒಸಾದು ಎಳ್ದಿದ್ದು ನೀವೇ. ನೀವು ಏಳಿದ್ರೆ ಯಾರೂ ಎರಡು ಮಾತಾಡಲ್ಲ.

ತಗೊಳ್ಳಿ ಪೆನ್ನು. ನಿಮ್ಮ ಅಂಗಡಿ ಎಸರಿರೋ ಕಾಗದ ಐತಲ್ಲ, ಅದ್ರಲ್ಲೇ ಬರೀರಿ. ಊರಿಗಾಂನಲ್ಲಿ ರಾಮಚಂದ್ರಪ್ಪ, ಸಾಯಿಕುಮಾರ್ ಇವರ ಮನೆ ಲೈನು ಸೂರಿನ ಮೇಲೆ, ನೀರಿನ ಟ್ಯಾಂಕ್ ಪಕ್ಕ, ಕತ್ತರಿಸಲಾಗಿತ್ತು. ಕೆಳಗೆ ವಿಜಯಕುಮಾರ್ ಅಂತ ಸಹಿ. ಅಷ್ಟೇ.

ಏನ್ ನೋಡ್ತೀರ? ಬರೀರಿ. ಪೆನ್ನು ಬರ್ಯಲ್ವಾ? ಬೇರೆ ಕೊಡ್ತೀನಿ, ಬ್ಯಾಗಲ್ಲೈತೆ.

ಪೆನ್ನು ಯಾಕೆ ಕೆಳಗಿಟ್ರಿ?

ವಿಜಿಯಣ್ಣ... ಯಾಕಣ್ಣ? ಭಾವನ ಮುಖ ನೋಡ್ಬೇಕಲ್ಲ ಅಂತಲಾ? ಅವರೇನು ನಿಮಗೆ ನೆಂಟರಾ? ಆಲು ಆಕ್ತಾರೆ ಅಂತಲಾ? ನಾನು ಗಿರಾಕಿ ಅಲ್ವಾ? ಇಷ್ಟು ದೊಡ್ಡ ಡಬ್ಬ ತಗೊಳ್ತಾ ಇದ್ದೀನಿ, ಎರಡು ಸಾಲಿಗೆ ಇಷ್ಟು ಯೋಚ್ನೇನಾ? ಸುಳ್ಳೇನಲ್ಲವಲ್ಲ! ಟ್ಯಾಂಕ್ ಅತ್ರಾನೇ ಇತ್ತು ಅಂತ ಬರೀರಿ... ಅಲ್ಲೇ ತಾನೆ ಇದ್ದಿದ್ದು? ಅಲ್ಲೇ ಅಲ್ವಾ?

ಏನಾದ್ರೂ ಅನ್ರಿ. ಅಲ್ಲ ಅಂತಾದ್ರೂ ಅನ್ರಿ.

ಅಂಗೆ ನೋಡ್ಬ್ಯಾಡಿ ನನ್ನ.

ಬ್ಯಾಡ ಅಂದ್ನಲ್ಲ...

ನೋಡಿದ್ರಾ?

ಅಟ್ಟದ ಮೇಲೆ... ನೀವು ಅತ್ತಿದ್ರಾ ಅಲ್ಲಿಗೆ? ನಾನು ಅಂದ್ಕೊಂಡೆ ಕಂಬದಿಂದಾನೇ ಒಸಾದು ಎಳೀತಾ ಅವ್ರೆ, ಅಡಿಗೆಮನೆ ತಂಕ ಯಾಕೆ ಬರ್ತಾರೆ ಅಂತ. ನಾನು ಆಗ ರೂಮಲ್ಲಿ ಚಂದನ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ದೆ. ಅವಳು ಬಿಕ್ತಾ ಇದ್ಲು, ನಾನು ತಲೆ ಸವರ್ತಾ ಇದ್ದೆ. ಈ ಕೈಯಲ್ಲೇ... ಈ ಕೈಯಲ್ಲೇ ಸವರ್ತಾ ಇದ್ದೆ.

ಆಲಿನ ಪ್ಯಾಕೆಟ್ ಕತ್ತರಿಸೋ ಕತ್ತರಿ ಅಣ್ಣ. ಎಷ್ಟು ಸಣ್ಣ ವೈರು ಅದು! ಗಟ್ಟಿ ಇರ್ತದೆ ಅಂದ್ಕೊಂಡಿದ್ದೆ. ಸ್ಟೂಲ್ ಮೇಲೆ ನಿಂತು ಕೈ ಚಾಚ್ದೆ, ಒಂದೇ ಸಲಕ್ಕೆ ಓಯ್ತು, ದಾರದ ತರ. ಇಳಿದು ಕೈ ತೊಳ್ಕೊಂಡೆ. ಖುಷಿ ಆಯ್ತು ಅಣ್ಣ, ಸುಳ್ಳ್ಯಾಕೆ ಏಳ್ಲಿ, ಒಟ್ಟೆ ತುಂಬಾ ಖುಷಿ ಆಯ್ತು. ಗೋಡೆ ಆ ಕಡೆಯಿಂದ ನವ್ಯ ಅಯ್ಯೋ ಅಂತ ಕಿರುಚಿದ್ದು ಕೇಳಿಸ್ತು. ಕಿರುಚು, ಕಿರುಚು ಅಂದ್ಕೊಂಡೆ. ನಿಮ್ಮಮ್ಮಂಗೆ ಏಳು ಅಂದ್ಕೊಂಡೆ, ಶಶಿಗೆ ಧೈರ್ಯ ಐತೆ ಅಂತ.

ನನ್ನ ಮಗಳು ಅಲ್ಲಿದ್ದಾಳೆ ಅಂತ ನಂಗೆ ಗೊತ್ತಿರ್ಲಿಲ್ಲ! ಬಂಗಾರಪೇಟೆಗೆ ಓಗ್ತೀನಿ, ಜೆರಾಕ್ಸ್ ಮಾಡಿಸ್ಬೇಕು ಅಂತ ಏಳಿ ಓಗಿದ್ಲು. ಆ ಮನೆ ಒಸ್ಲು ತುಳೀಬ್ಯಾಡ ಅಂದಿದ್ನಲ್ಲ ನಾನು... ಅದಕ್ಕೆ ನನ್ನತ್ರ ಸುಳ್ಳು ಏಳಿ, ಬೀದಿ ಸುತ್ಕೊಂಡು ಅವರ ಮುಂದಿನ ಬಾಗಿಲಿಂದ ಒಳಗೋಗವ್ಳೆ. ಗೆದ್ದ ಮೇಲೆ ಏಳೋಣ ಅಂತಿದ್ಲಂತೆ ನಂಗೆ. ಚಿಲಕ ತೆಗೀತೀಯ ಆಗಾದ್ರೂ ಅಮ್ಮ, ಅಂತ ಕೇಳೋಣ ಅಂತಿದ್ಲಂತೆ. ಇಂದಿನ ಬಾಗಿಲಿಂದ ಓಡಿ ಬಂದ್ಲು. ‘ಅಮ್ಮ, ನಮ್ ನೆಟ್ ಓಯ್ತು ಕಣಮ್ಮ! ಗೆಲ್ತಾ ಇದ್ವಿ!’ ಅಂದ್ಲು. ನಮ್ ಅಂದ್ಲು. ನಂಗೆ ಒಂದು ನಿಮಿಷ ಅರ್ಥಾನೇ ಆಗ್ಲಿಲ್ಲ. ಕೈ ಇನ್ನೂ ಒದ್ದೆ ಇತ್ತು ಅಣ್ಣ.

ಆಗ್ಲೇ ಏಳ್ಬೇಕಿತ್ತು. ಏಳೋಕೇ ಬಾಯಿ ತೆಗೆದೆ. ಅವಳ ಮುಖ ನೋಡ್ದೆ... ಬಾಯಿಂದ ಬೇರೆ ಮಾತು ಬಂತು. ‘ನಿಮ್ ದೊಡ್ಡಪ್ಪ ಸೂರಿನ ಮೇಲಿದ್ರಲ್ಲ’ ಅಂದೆ. ಅಷ್ಟೇ ಅಂದಿದ್ದು. ಮಿಕ್ಕಿದ್ದೆಲ್ಲ ಅದ್ರ ಪಾಡಿಗೆ ಅದು ಬೆಳ್ಕೊಂತು.

ನೀವು ಯಾಕೆ ಏಳ್ಲಿಲ್ಲ? ಅನ್ನೆರಡು ದಿನ! ಊರೆಲ್ಲ ಆ ಮನುಷ್ಯನ್ನ ಆಡ್ಕೊಳ್ತಾ ಇದ್ರೆ ನೀವ್ಯಾಕೆ ಸುಮ್ಕಿದ್ರಿ? ನನ್ನ ಕಂಡ್ರೆ ಭಯಾನಾ? ಅಥ್ವಾ... ಒಬ್ಬರೇ ಅತ್ತಿದ್ರಾ ಅಟ್ಟಕ್ಕೆ? ಟಾರ್ಚ್ ಯಾರು ಇಡ್ಕೊಂಡಿದ್ದು?

ಯಾರು ಅಣ್ಣ ಟಾರ್ಚ್ ಇಡ್ಕೊಂಡಿದ್ದು?

ಭಾವನಾ?

ತಲೆ ಬಗ್ಗಿಸ್ಬ್ಯಾಡಿ. ಊಂ ಅನ್ರಿ, ಇಲ್ಲ ಅನ್ರಿ. ಭಾವ ನೋಡಿದ್ರಾ? ಅವರೇ ಬ್ಯಾಡ ಅಂದ್ರಾ ನಿಮಗೆ, ಯಾರಿಗೂ ಏಳ್ಬ್ಯಾಡ ಅಂತ?

...ಅವರ್ಯಾರು ಬ್ಯಾಡ ಅನ್ನೋಕೆ! ನಾನು ಕೇಳಿದ್ನಾ ಅವರನ್ನ? ಕಾಪಾಡಿ ಅಂತ ಕೇಳಿದ್ನಾ? ಬಂದು ಬೈಬೇಕಿತ್ತು. ನಾಲ್ಕು ಜನರ ಮುಂದೆ ಕೈ ಇಡ್ದು ಎಳ್ದು, ಇವಳು ಮಾಡಿದ್ದು ಅನ್ಬೇಕಿತ್ತು. ಆಗ ನಾನೂ ಕೂಗಾಡ್ತಿದ್ದೆ, ನಿನ್ನ ಎಂಡ್ತಿ ಅಂಗಂದ್ಲಲ್ಲ ಅಂತಿದ್ದೆ, ಅಲ್ಲಿಗಲ್ಲಿಗೆ ಸರಿ ಓಗ್ತಿತ್ತು. ಇಂಗೆ ಸುಮ್ಕೆ ಕೊಟ್ಟಿಗೇಲಿ ಕೂತು ತಿಂದ್ರೆ ನಾನು ಯಾರ ಮೇಲೆ ತೀರಿಸ್ಕೊಳ್ಲಿ?

ಚಂದನ ಅಂದ್ಲಲ್ಲ, ನೀನು ನನ್ ದೊಡ್ಡಪ್ಪ ಅಲ್ಲ ಅಂತ. ಆಗ ಅವರು ಅವಳನ್ನ ನೋಡ್ಲಿಲ್ಲ. ಅವಳ ಇಂದೆ ನಿಂತಿದ್ನಲ್ಲ, ನನ್ನ ನೋಡಿದ್ರು. ಒಂದ್ಸಲ. ತಪ್ಪು ಮಾಡಿ ಸಿಕ್ಕಾಕೊಂಡೋರ ನೋಟ ಅಂದ್ಕೊಂಡು ಒಳಗೊಳಗೇ ನಕ್ಕೆ ನಾನು. ಅದು ಅಂಗಲ್ಲ. ಈಗ್ಲಾದ್ರೂ ಏಳ್ತೀಯಾ ಶಶಿ ಅಂತ ಕೇಳಿದ್ದು ಅದು. ಬಿಸಿಲಲ್ಲಿ ಆಲಿನ ಕ್ಯಾನ್ ಇಡ್ಕೊಂಡು ನಿಂತು ಕಾದ್ರು ಅಣ್ಣ. ನಾನು ಏಳ್ಲಿಲ್ಲ. ಅವರು ಕ್ಯಾನ್ ಎತ್ಕೊಂಡು ಒಳಗೋದ್ರು.

ಮಗಳ ಕಣ್ಣಲ್ಲಿ ತಾಯಿ ಬೀಳ್ಬಾರ್ದು ಅಂತ ತಾವು ಬಿದ್ರಾ? ತಮ್ಮ ಮಗಳ ಕಣ್ಣಲ್ಲೂ ಬಿದ್ರಲ್ಲ...

ಇಲ್ಲ, ನೀವೇನೂ ಏಳ್ಬ್ಯಾಡಿ ಈಗ. ಆ ಡಬ್ಬ ಕಟ್ಬ್ಯಾಡಿ, ಅಲ್ಲೇ ಇಡಿ. ಟೈಮ್ ಎಷ್ಟು? ಒಂದೂವರೆ. ಅವರೆಲ್ಲ ನಾಲ್ಕಕ್ಕೆ ಬರ್ತಾರೆ. ಬಸ್ಸು ಅತ್ತಿ ಊರಿಗಾಂಗೆ ಓಗೋದ್ರೊಳಗೆ ನನ್ನ ಮನಸ್ಸು ಬದಲಾಗ್ತದೆ ಅಣ್ಣ. ನನ್ನ ನನಗೆ ಗೊತ್ತು. ಬಸ್ಸಲ್ಲಿ ಕೂತ್ರೆ ನಾಮಕರಣದ ಊಟ ಗ್ಯಾಪಕ ಬರ್ತದೆ, ಎಲ್ಲಾ ನಕ್ಕಿದ್ದು ಗ್ಯಾಪಕ ಬರ್ತದೆ, ಇಳಿಯೋದ್ರೊಳಗೆ ಇನ್ನೊಂದು ಸುಳ್ಳು ರೆಡಿ ಇರ್ತದೆ. ಇಲ್ಲೇ ಇರಿ ನೀವು. ಒಳಗೋಗ್ಬ್ಯಾಡಿ. ಎದುರಿಗೆ ಕೂತಿರಿ ಒಂದೆರಡು ನಿಮಿಷ.

ಅಲೋ... ಚಂದೂ? ಊಂ, ಬಂಗಾರಪೇಟೇಲಿದ್ದೀನಿ. ಊಟ ಮಾಡಿದ್ಯಾ? ...ಇರ್ಲಿ. ದೊಡ್ಡಪ್ಪ ಎಲ್ಲವ್ರೆ ನೋಡು. ...ಗೊತ್ತಮ್ಮ, ಮಾತಾಡಲ್ಲ ನೀನು. ಇವತ್ತು ಓಗು. ಮಧ್ಯದ ಬಾಗಿಲು ತೆಗೆದ್ಕೊಂಡು ಓಗು. ...ನಾನೇ ಏಳ್ತಾ ಇದ್ದೀನಲ್ಲ, ಚಿಲಕ ತೆಗಿ.

...ಕೊಟ್ಟಿಗೇಲವ್ರಾ? ನವ್ಯನ್ನೂ ಕರಿ. ದೊಡ್ಡಮ್ಮನ್ನೂ ಕರಿ. ಊಂ, ಅವರನ್ನೂ. ಸ್ಪೀಕರ್ ಆಕು.

ಭಾವ... ಶಶಿ. ಕೇಳಿಸ್ತೈತಾ? ...ಇಲ್ಲ, ಏನೂ ಆಗಿಲ್ಲ ನಂಗೆ. ವಿಜಿಯಣ್ಣನ ಅಂಗಡೀಲಿದ್ದೀನಿ. ...ಬ್ಯಾಡ ಭಾವ, ಮನೆಗೆ ಬಾಮ್ಮ ಆಮೇಲೆ ಮಾತಾಡೋಣ ಅನ್ಬ್ಯಾಡಿ. ಆಮೇಲೆ ಅಂದ್ರೆ ನಾನು ಏಳಲ್ಲ. ಇನ್ನು ನೀವು ಏನೂ ಮುಚ್ಬ್ಯಾಡಿ. ಸುಮ್ಕೆ ನಿಂತ್ಕೊಳ್ಳಿ ಸಾಕು.

ಚಂದೂ, ದೊಡ್ಡಪ್ಪನ ಪಕ್ಕ ನಿಂತ್ಕೊ. ಅತ್ರ ನಿಂತ್ಕೊ. ಅವತ್ತು ವೈರ್ ಕತ್ತರಿಸಿದ್ದು ಅವರಲ್ಲ. ನಾನು. ನವ್ಯ ಸೋಲ್ಲಿ ಅಂತ ನಾನೇ ಕತ್ತರಿಸ್ದೆ. ನೀನು ಅಲ್ಲಿದ್ದೀಯ ಅಂತ ಗೊತ್ತಿರ್ಲಿಲ್ಲ.

...ಚಂದೂ?